ಇನ್ನೊಂದು ಐವತ್ತಡಿ ಸಾರ್

ಪತ್ರ: ಸಂಪಾದಕರೇ, ನನಗೆ ಮೂರು ಎಕರೆ ಇದೆ. ಎರಡು ಬೋರ್ ಕೊರೆಸಿ ಎರಡೂ ಫೇಲ್. ಮಗಳ ಇಂಜಿನಿಯರಿಂಗ್‌ಗೆ ಅಂತ ಎತ್ತಿಟ್ಟ ಆರು ಲಕ್ಷ ಇದೆ, ಅದರಲ್ಲಿ ಮೂರನೇದು ಹಾಕಿಸೋಣ ಅಂತ ಮನಸ್ಸು ಹೇಳ್ತಿದೆ. ನೆಲದಡಿ ನೀರಿನ ಪಾಯಿಂಟ್ ನೋಡೋರ ಕೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತು. ಮನೆಯಾಕೆ ಬೇಡ ಅಂತಾಳೆ. ಇಂಥ ದೊಡ್ಡ ವಿಷಯದಲ್ಲಿ ಮನಸ್ಸಿನ ಮಾತು ಕೇಳ್ಬೇಕಾ, ಲೆಕ್ಕ ಹಾಕ್ಬೇಕಾ?
– ಓದುಗ, ಮುಳಬಾಗಿಲು ತಾಲ್ಲೂಕು

ಲೆಕ್ಕ ಹಾಕ್ಬೇಕು ಸ್ವಾಮಿ, ಅದೂ ತಲೆಯೊಳಗಲ್ಲ, ಪೇಪರ್ ಮೇಲೆ. ನಾನು ಇದನ್ನ ಹೇಳಿ ಹೇಳಿ ಆಫೀಸಲ್ಲಿ ನನಗೆ 'ಪೇಪರ್ ತಾತ' ಅಂತ ಹೆಸರೇ ಬಿದ್ದಿದೆ, ಬೀಳಲಿ.

ಮನಸ್ಸಿನ ಮಾತಿಗೆ ಬೆಲೆನೇ ಇಲ್ಲ ಅಂತಲ್ಲ. ಟೊಮೆಟೊ ಎಲೆ ತಿರುಗಿಸಿ ನೋಡಿದ ತಕ್ಷಣ ಅಂಗಮಾರಿ ಬಂತು ಅಂತ ನೀವು ಹೇಳಿದ್ರೆ ನಾನು ಕಣ್ಮುಚ್ಚಿ ನಂಬ್ತೀನಿ. ಯಾಕಂದ್ರೆ ಅದನ್ನ ಸಾವಿರ ಸಲ ನೋಡಿದ್ದೀರ, ತಪ್ಪಿದ್ರೆ ವಾರದೊಳಗೆ ಗಿಡವೇ ಹೇಳಿಬಿಡುತ್ತೆ. ನೊಬೆಲ್ ಬಂದಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್‌ಗೆ ಈ ಮನಸ್ಸಿನ ಮಾತು ಅಂದ್ರೆ ಅನುಮಾನ, ಬೆಂಕಿ ಆರಿಸೋರನ್ನ ಸ್ಟಡಿ ಮಾಡಿದ್ದ ಗ್ಯಾರಿ ಕ್ಲೈನ್‌ಗೆ ಅದೇ ಭಾರಿ ಪ್ರೀತಿ. ಇಬ್ರೂ ಕಿತ್ತಾಡೋದು ಬಿಟ್ಟು 2009ರಲ್ಲಿ ಒಟ್ಟಿಗೆ ಕೂತು ಬರೆದದ್ದು ಇಷ್ಟೇ: ಕ್ರಮ ಇರೋ ಕೆಲಸದಲ್ಲಿ, ಬೇಗ ಸರಿತಪ್ಪು ಗೊತ್ತಾಗೋ ಕಡೆ ಮನಸ್ಸು ಕಲಿಯುತ್ತೆ, ಬೇರೆ ಕಡೆ ಬರೀ ಧೈರ್ಯ ಕಲಿಯುತ್ತೆ. ಕೊನೇ ಮಾತು ನನ್ನದು ಬಿಡಿ. ಬೋರ್‌ನ ನೀವು ಜೀವಮಾನದಲ್ಲಿ ಎರಡೇ ಸಲ ಕೊರೆಸಿದ್ದೀರ. ಆ ಕಾಯಿ ಬಗ್ಗೆ ಒಂದೇ ಪ್ರಶ್ನೆ, ಮೊದಲೆರಡು ಸಲ ಅದು ಕೂತೇ ಇತ್ತಾ?

ನಮ್ಮಣ್ಣಂದು ಹೇಳ್ತೀನಿ. ಸಾವಿರ ಅಡಿಗೆ ನಿಲ್ಲಿಸ್ತೀನಿ ಅಂದಿದ್ದ, ಬಾಯಲ್ಲಿ. ರಾತ್ರಿ ಒಂದೂವರೆ, ಕಂಪ್ರೆಸರ್ ಸದ್ದಿಗೆ ಊರ ನಾಯಿಗಳೂ ಬೊಗಳೋದು ಬಿಟ್ಟಿದ್ವು, ಕೇಸಿಂಗ್ ಬಾಯಿಂದ ಮೈದಾ ಹಿಟ್ಟಿನ ಥರ ಬಿಳಿ ಪುಡಿ. ಏಜೆಂಟು ಒಂದು ಹಿಡಿ ಎತ್ತಿ ಮೂಸಿ ನೋಡಿ 'ತಣ್ಣಗಿದೆ ಸಾರ್, ಇನ್ನೊಂದು ಐವತ್ತಡಿ' ಅಂದ. ರೇಟೋ ಸ್ಲ್ಯಾಬ್ ಲೆಕ್ಕ, ಕೆಳಗೆ ಹೋದಷ್ಟೂ ಅಡಿಗೆ ಜಾಸ್ತಿ, ಅಂದ್ರೆ ಆಸೆ ಕಮ್ಮಿ ಆಗ್ತಾ ಹೋದಂಗೆ ಬೆಲೆ ಏರ್ತಾ ಹೋಗುತ್ತೆ. ಇಷ್ಟು ಹಾಕಿದ್ದೀನಿ, ಈಗ ಬಿಟ್ರೆ ಎಲ್ಲಾ ದಂಡ ಅಂತ ಅಣ್ಣ ತಲೆ ಆಡಿಸ್ತಾನೇ ಇದ್ದ. ನಿಂತಿದ್ದು 1,420 ಅಡಿಗೆ, ಅದೂ ರಾಡ್ ಮುಗೀತು ಅಂತ. ಈಗ ಅದರ ಮೇಲೆ ಚಪ್ಪಡಿ ಕಲ್ಲು ಮುಚ್ಚಿದೆ, ಅತ್ತಿಗೆ ಅಲ್ಲಿ ಸಂಡಿಗೆ ಒಣಗಿಸ್ತಾರೆ. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂತಾರೆ, ನೀವು ನಿಮ್ಮ ಮಗಳ ಫೀಸನ್ನೇ ತಳ್ಳೋಕೆ ಹೊರಟಿದ್ದೀರ.

1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನೋ ವಿಜ್ಞಾನಿ ಹೊಸ ಕೆಲಸಕ್ಕೆ ಹೋಗ್ಲಾ ಬೇಡ್ವಾ ಅಂತ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ನ ಕೇಳಿದ. ಏನು ಮಾಡು ಅಂತ ಹೇಳಲ್ಲ, ಹೇಗೆ ಅಂತ ಹೇಳ್ತೀನಿ ಅಂದ ಆತ. ಹಾಳೆ ಮಧ್ಯ ಗೆರೆ ಎಳಿ, ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ, ಮೂರ್ನಾಲ್ಕು ದಿನ ಹೊಳೆದಂಗೆಲ್ಲ ಬರೀ, ಸಮ ತೂಕದವನ್ನ ಎರಡೂ ಕಡೆಯಿಂದ ಹೊಡೆದುಹಾಕು. ಅದರಲ್ಲಿ ನನಗೆ ಇಷ್ಟ ಆಗಿದ್ದು ಆ ಮೂರ್ನಾಲ್ಕು ದಿನ. ನೀವು ಅದಕ್ಕೆ ಇನ್ನೊಂದಿಷ್ಟು ಸೇರಿಸಿ: ನಿಮ್ಮ ಸುತ್ತಮುತ್ತ ಐದು ವರ್ಷದಲ್ಲಿ ಎಷ್ಟು ಜನ ಕೊರೆಸಿದ್ರು, ಎಷ್ಟರಲ್ಲಿ ನೀರು ಬಂತು, ಎರಡು ಬೇಸಿಗೆ ಕಳೆದ ಮೇಲೂ ಎಷ್ಟು ಓಡ್ತಿವೆ, ಹತ್ತಿರದ ಕೆರೆಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿಂದ ಶುದ್ಧ ಮಾಡಿ ಬಿಡೋ ಕೊಳಚೆ ನೀರು) ಬರುತ್ತಾ, ಎಷ್ಟು ಅಡಿಗೆ ರಿಗ್ (ಕೊರೆಯೋ ಯಂತ್ರ) ಆಫ್. ಆ ಅಡಿ ಲೆಕ್ಕನ ಹಗಲಲ್ಲಿ ಬರೀಬೇಕು, ಹೊಟ್ಟೆ ತುಂಬಿದಾಗ.

ಮನೆಯಾಕೆ ಬೇಡ ಅಂತಾಳೆ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ, ಯಾಕೆ ಬೇಡ ಅಂತ ಕೇಳಿದ್ರಾ? ಅದೇ ಗ್ಯಾರಿ ಕ್ಲೈನ್ ಕಂಪನಿಗಳಿಗೆ ಒಂದು ವಿದ್ಯೆ ಹೇಳಿಕೊಟ್ಟಿದ್ದಾನೆ, ಪ್ರೀಮಾರ್ಟಂ ಅಂತ. ಕೆಲಸ ಶುರು ಮಾಡೋಕೆ ಮುಂಚೆನೇ ಇದು ಮುಳುಗಿಹೋಯ್ತು ಅಂದ್ಕೊಂಡು ಯಾಕೆ ಮುಳುಗಿತು ಅಂತ ಎಲ್ರೂ ಬರೆಯೋದು. ನಿಮ್ಮ ಅಡುಗೆಮನೇಲಿ ಅದು ಪುಕ್ಕಟೆ ನಡೀತಿದೆ, ನೀವು ಟಿವಿ ವಾಲ್ಯೂಮ್ ಜಾಸ್ತಿ ಮಾಡ್ತಿದ್ದೀರ.

ಪಕ್ಕದ ಹೊಲದವನಿಗೆ ನೀರು ಬಂತಲ್ಲ ಅಂತ ನೀವು ಅನ್ನಬಹುದು. ಫಲ ನೋಡಿ ಬುದ್ಧಿ ಅಳೀಬೇಡಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದಾಗ ತೋಟ ಇದ್ದೋರೆಲ್ಲ ಮೇಧಾವಿಗಳು, ಸೆಪ್ಟೆಂಬರ್‌ಗೆ ರೇಟು ನೆಲಕಚ್ಚಿದಾಗ ಅವರೇ ದಡ್ಡರು, ನಾಟಿ ಮಾಡಿದ್ದು ಒಂದೇ ಬುದ್ಧೀಲಿ. ಹುಚ್ಚುಮುಂಡೆ ಮದುವೇಲಿ ಉಂಡೋನೇ ಜಾಣ.

ಊರಿಗೆ ಊರೇ ಹಿಂಗೆ ಸ್ವಾಮಿ. 2018ರಲ್ಲಿ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ ಅರ್ಧ ಜನ ಅಮೃತ ಅಂದ್ರು, ಅರ್ಧ ಜನ ವಿಷ ಅಂದ್ರು, ಯಾವ ಟೆಸ್ಟಲ್ಲಿ ಎಷ್ಟು ಬಂದ್ರೆ ನಾನು ಮಾತು ಬದಲಾಯಿಸ್ತೀನಿ ಅಂತ ಮೊದಲೇ ಹೇಳಿದ ಒಬ್ಬನೂ ನನಗೆ ಸಿಗಲಿಲ್ಲ. ನಮ್ಮ ಪತ್ರಿಕೆಯೂ ಹೇಳಲಿಲ್ಲ, ಹೂಂ, ಒಪ್ಕೋತೀನಿ.

ಬರೆದ ಮೇಲೆ ಆ ಹಾಳೆ ಫೋಟೋ ಕಳಿಸಿ. ಅಡಿ ಲೆಕ್ಕದ ಕೆಳಗೆ ನಿಮ್ಮ ಮನೆಯವರ ಸಹಿ ಇಲ್ಲದಿದ್ರೆ ಛಾಪಿಸಲ್ಲ.
– ಸಂ.