ನಲ್ಲಿ ನೀರಿಗೆ ಚರಂಡಿ ವಾಸನೆ: ಮನೆಯಲ್ಲಿ ಆರ್‌ಓ ಇದ್ದರೆ ಸಾಕಾ?

ಪ್ರಶ್ನೆ: ಸರ್, ನಮ್ಮ ಬಡಾವಣೆಗೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಹೋದ ವಾರದಿಂದ ನೀರು ಬಂದ ಕೂಡಲೇ ಸ್ವಲ್ಪ ಹೊತ್ತು ಬೂದು ಬಣ್ಣ, ಚರಂಡಿ ವಾಸನೆ. ಆಮೇಲೆ ತಿಳಿಯಾಗುತ್ತದೆ. ಅಡುಗೆಮನೆಯಲ್ಲಿ ಆರ್‌ಓ ಇದೆ. ಸರ್ವೀಸ್‌ಗೆ ಬಂದ ಹುಡುಗ ಟಿಡಿಎಸ್ ಮೀಟರ್ ಅದ್ದಿ ನೋಡಿ, ‘ನೀರು ಸೂಪರ್ ಇದೆ’ ಎಂದ. ಆದರೆ ಪಕ್ಕದ ಮನೆಯಲ್ಲಿ ಇಬ್ಬರಿಗೆ ವಾಂತಿ-ಭೇದಿ ಶುರುವಾಗಿದೆ. ನಮ್ಮ ಸೊಸೆಗೆ ಈಗ ಏಳು ತಿಂಗಳು. ನಾಲ್ಕು ವರ್ಷದ ಮೊಮ್ಮಗನೂ ಇದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಆ ಟಿಡಿಎಸ್ ಮೀಟರ್ ಮಾತು ಬಿಟ್ಟುಬಿಡಿ ಮೇಡಂ. ಅದು ಅಂದಾಜು ಮಾಡುವುದು ನೀರಿನಲ್ಲಿ ಕರಗಿರುವ ಲವಣಗಳನ್ನು ಮಾತ್ರ. ರೋಗಾಣುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಟಿಡಿಎಸ್ 100 ಇರುವ ನೀರಿನಲ್ಲಿ ಕಾಲರಾ ರೋಗಾಣು ಇರಬಹುದು, 600 ಇರುವ ಬೋರ್‌ವೆಲ್ ನೀರಿನಲ್ಲಿ ಒಂದೂ ಇಲ್ಲದಿರಬಹುದು. ಫಿಲ್ಟರ್ ಮಾರುವವರಿಗೆ ಈ ಮೀಟರ್ ತುಂಬಾ ಇಷ್ಟ, ಯಾಕೆಂದರೆ ಎಲ್ಲರಿಗೂ ಕಾಣುವಂಥ ಒಂದು ನಂಬರ್ ತೋರಿಸುತ್ತದೆ.

ಪಕ್ಕದ ಮನೆಯವರ ಕಾಯಿಲೆಯೇ ನಿಮಗೆ ದೊಡ್ಡ ಸುಳಿವು. ವರದಿಗೆ ಕಾಯಬೇಡಿ. ನೀರು ಕೆಟ್ಟಿದೆ ಎಂದೇ ತಿಳಿದು ಇವತ್ತಿನಿಂದಲೇ ನಡೆದುಕೊಳ್ಳಿ.

ಬಾಯಿಗೆ ಹೋಗುವ ಪ್ರತಿ ಹನಿಯೂ ಕುದ್ದಿರಬೇಕು. ಆರ್‌ಓದಿಂದ ಬಂದ ನೀರನ್ನೂ ಸದ್ಯಕ್ಕೆ ಕುದಿಸಿ. ಅದರೊಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಚೆನ್ನಾಗಿದ್ದರೆ ರೋಗಾಣುಗಳನ್ನು ತಡೆಯುತ್ತದೆ, ನಿಜ. ಆದರೆ ಅದು ಎಲ್ಲಾದರೂ ಹರಿದಿದೆಯೇ, ಸೀಲ್ ಸೋರುತ್ತಿದೆಯೇ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಮೆಷಿನ್‌ನ ತೊಟ್ಟಿಯಲ್ಲಿ ನಿಲ್ಲುವ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಕೂಡ ಉಳಿದಿರುವುದಿಲ್ಲ. ಬರೀ ಯುವಿ ಫಿಲ್ಟರ್ ಇರುವವರು ಇನ್ನೂ ಎಚ್ಚರವಾಗಿರಬೇಕು. ನೀರು ಕದಡಿದ್ದರೆ ಯುವಿ ಬೆಳಕು ಒಳಗೆ ಸರಿಯಾಗಿ ಹಾಯುವುದಿಲ್ಲ.

ಕುದಿಸುವುದು ಎಂದರೆ ಪಾತ್ರೆಯ ತಳದಲ್ಲಿ ಗುಳ್ಳೆ ಕಂಡ ಕೂಡಲೇ ಒಲೆ ಆರಿಸುವುದಲ್ಲ. ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಬಿಡಿ. ಸಾಕು. ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಖಾಲಿ ಮಾಡಬೇಕಿಲ್ಲ. ಸಮುದ್ರಮಟ್ಟದಿಂದ 2,000 ಮೀಟರ್‌ಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಬೇಕು. ನಮ್ಮ ರಾಜ್ಯದಲ್ಲಿ ಮುಳ್ಳಯ್ಯನಗಿರಿಯ ತುದಿಗೂ ಅಷ್ಟು ಎತ್ತರ ಇಲ್ಲ! ನೀರು ಕದಡಿದ್ದರೆ ಮೊದಲು ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿಕೊಳ್ಳಿ.

ನಮ್ಮ ಕಡೆ ತುಂಬಾ ಜನ ಎಡವುವುದು ಇದರ ನಂತರ. ಕುದಿಸಿದ ನೀರು ಸುಡುತ್ತದೆ ಎಂದು ಅರ್ಧ ಲೋಟ ತಣ್ಣೀರು ಬೆರೆಸುತ್ತಾರೆ. ಅಲ್ಲಿಗೆ ಕುದಿಸಿದ್ದು ಸುಮ್ನೆ ಹೋಯಿತು ಅಲ್ವಾ? ಹೋಟೆಲಿನಲ್ಲಿ ‘ಬಿಸಿನೀರು ಕೊಡಿ’ ಎಂದರೂ ಬಹಳ ಸಲ ಬರುವುದು ಈ ಬೆರಕೆಯೇ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡಿ. ಕೈ ಅದ್ದದೆ, ಉದ್ದ ಹಿಡಿಯ ಸೌಟಿನಿಂದಲೋ ನಲ್ಲಿ ಇರುವ ಡ್ರಮ್ಮಿನಿಂದಲೋ ತೆಗೆದುಕೊಳ್ಳಿ.

ಕುಡಿಯುವ ನೀರು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಉಳಿದದ್ದನ್ನು. ಹಲ್ಲುಜ್ಜುವ ನೀರು, ಮಜ್ಜಿಗೆಗೆ ಬೆರೆಸುವ ನೀರು, ಕೋಸಂಬರಿಯ ಸೌತೆಕಾಯಿ ತೊಳೆದ ನೀರು, ಚಟ್ನಿ ರುಬ್ಬುವಾಗ ಹಾಕುವ ನೀರು, ಫ್ರಿಜ್ಜಿನ ಐಸ್, ಕೊನೆಗೆ ದೇವರ ತೀರ್ಥ. ಇವಕ್ಕೆಲ್ಲ ಕುದಿಸಿ ಆರಿಸಿದ ನೀರೇ ಆಗಬೇಕು. ಸಾರು, ಅನ್ನ ಹೇಗೂ ಕುದಿಯುತ್ತವೆ, ಆ ಚಿಂತೆ ಬೇಡ. ಪಾತ್ರೆಯನ್ನು ಸೋಪಿನಲ್ಲಿ ತೊಳೆದು, ಊಟದ ತಟ್ಟೆ-ಲೋಟಕ್ಕೆ ಕುದಿನೀರು ಸುರಿದು, ಬಟ್ಟೆಯಲ್ಲಿ ಒರೆಸದೆ ಒಣಗಿಸಿ. ವಾಸನೆ ಬರುವ ನೀರು ಬಕೆಟ್‌ಗೆ ಬೇಡ. ಅದು ಬಿಟ್ಟರೆ ದೊಡ್ಡವರು ಸ್ನಾನ ಮಾಡಬಹುದು, ಬಾಯಿಗೆ ಹೋಗದಂತೆ ನೋಡಿಕೊಂಡರೆ ಸಾಕು. ಮೊಮ್ಮಗನಿಗೆ ಮಾತ್ರ ಕುದಿಸಿ ಆರಿಸಿದ ನೀರಿನಲ್ಲೇ ಮೈ ಒರೆಸಿ. ಆ ವಯಸ್ಸಿನ ಮಕ್ಕಳು ಮಗ್ಗಿನಲ್ಲಿ ನೀರು ಕುಡಿಯದೆ ಸ್ನಾನ ಮುಗಿಸುವುದಿಲ್ಲ.

ಈಗ ಮುಖ್ಯ ವಿಷಯ: ಕೊಳಚೆ ಸೇರುತ್ತಿರುವುದು ಎಲ್ಲಿ? ಬೀದಿಯ ಪೈಪಿನಲ್ಲೋ, ನಿಮ್ಮದೇ ಸಂಪಿನಲ್ಲೋ? ಇದನ್ನು ಹುಡುಕದಿದ್ದರೆ ಕುದಿಸುತ್ತಲೇ ಇರಬೇಕಾಗುತ್ತದೆ. ಮುಂದಿನ ಸಲ ನೀರು ಬಂದಾಗ ಸಂಪಿಗೆ ಬೀಳುವ ಮೊದಲೇ ಒಂದು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಅಡುಗೆಮನೆಯ ನಲ್ಲಿಯಿಂದ ಇನ್ನೊಂದು ಬಾಟಲಿ ಹಿಡಿಯಿರಿ. ಬಣ್ಣ, ವಾಸನೆ ಹೋಲಿಸಿ. ಬೀದಿಯ ನೀರು ಚೆನ್ನಾಗಿದ್ದು ಮನೆಯೊಳಗಿನದು ಮಾತ್ರ ನಾರುತ್ತಿದ್ದರೆ ತಪ್ಪು ಸಂಪಿನಲ್ಲಿದೆ. ಗೋಡೆ ಬಿರುಕು ಬಿಟ್ಟಿರಬಹುದು, ಪಕ್ಕದಲ್ಲೇ ಯುಜಿಡಿ (ಒಳಚರಂಡಿ) ಚೇಂಬರ್ ಇರಬಹುದು, ಮುಚ್ಚಳದ ಸಂದಿಯಿಂದ ಮಳೆನೀರು ಇಳಿದಿರಬಹುದು.

ನೀವು ಹೇಳಿದ್ದು ನೋಡಿದರೆ ಬೀದಿಯ ಪೈಪಿನ ಮೇಲೆಯೇ ನನಗೆ ಜಾಸ್ತಿ ಅನುಮಾನ. ಶುರುವಿಗೆ ಮಾತ್ರ ಕೊಳಕು, ಆಮೇಲೆ ತಿಳಿ ಎನ್ನುವುದು ಅದರ ಗುರುತು. ನೀರು ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಬಿದ್ದುಹೋಗುತ್ತದೆ. ಆಗ ಸ್ಟ್ರಾನಲ್ಲಿ ಎಳನೀರು ಹೀರಿದ ಹಾಗೆ, ಎಲ್ಲಿ ತೂತಿದೆಯೋ ಅಲ್ಲಿ ಸುತ್ತಲಿನ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆಯುವವರಿದ್ದರೆ ಇದು ಇನ್ನೂ ಜೋರು. ಹಾಗಾಗಿ ಕೊಳಕು ಹೋಗುವವರೆಗೆ ನೀರನ್ನು ಸಂಪಿಗೆ ಬಿಡದೆ ಹೊರಗೆ ಹರಿಸಿ. ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತು ಎಂದು ಮಾತ್ರ ತಿಳಿಯಬೇಡಿ.

ದೂರನ್ನು ಒಬ್ಬರೇ ಕೊಡಬೇಡಿ. ಅದೇ ಲೈನಿನ ನಾಲ್ಕೈದು ಮನೆಯವರು ಸೇರಿ, ಯಾವ ಮನೆಯಲ್ಲಿ ಯಾವತ್ತಿನಿಂದ ವಾಸನೆ, ಯಾರಿಗೆ ಕಾಯಿಲೆ ಎಂದು ಬರೆದುಕೊಡಿ. ಎಲ್ಲಿ ಅಗೆಯಬೇಕು ಎಂದು ಎಂಜಿನಿಯರ್‌ಗೆ ತೋರಿಸಿಕೊಡುವುದೇ ಆ ಪಟ್ಟಿ. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916, ಬೇರೆ ಊರುಗಳಲ್ಲಿ ನಗರಸಭೆ ಅಥವಾ ಪಾಲಿಕೆ, ಹಳ್ಳಿಯಲ್ಲಿ ನೀರುಗಂಟಿ ಮತ್ತು ಪಂಚಾಯಿತಿ. ಆರೋಗ್ಯ ಕೇಂದ್ರಕ್ಕೂ ತಿಳಿಸಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಕೆಲವರು ಜೀವವನ್ನೇ ಕಳೆದುಕೊಂಡರು. ಪಕ್ಕದ ಮನೆಯ ಭೇದಿಯನ್ನು ಹಗುರವಾಗಿ ನೋಡಬಾರದು ಎನ್ನುವುದು ಇದಕ್ಕೇ.

ಪೈಪ್ ರಿಪೇರಿ ಆದ ಮೇಲೆ ಸಂಪು, ಮೇಲಿನ ಟ್ಯಾಂಕ್ ಎರಡನ್ನೂ ಖಾಲಿ ಮಾಡಿಸಿ ಉಜ್ಜಿಸಿ. ಆಮೇಲೆ ನೀರು ತುಂಬಿ, ಸಾವಿರ ಲೀಟರಿಗೆ 150ರಿಂದ 200 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಹಾಕಿ. ಪುಡಿಯನ್ನು ಮೊದಲು ಬಕೆಟ್ ನೀರಿನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯಬೇಕು. ಆರ್‌ಓಗೆ ಹೋಗುವ ವಾಲ್ವ್ ಮುಚ್ಚಿರಲಿ, ಇಷ್ಟು ಕ್ಲೋರಿನ್‌ಗೆ ಮೆಂಬ್ರೇನ್ ಹಾಳಾಗುತ್ತದೆ. ಪ್ರತಿ ನಲ್ಲಿಯನ್ನೂ ಬ್ಲೀಚಿಂಗ್ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ. ಒಂದು ದಿನ ಹಾಗೇ ಇರಲಿ. ಇದು ತೊಳೆಯುವ ನೀರು, ಕುಡಿಯುವುದಲ್ಲ. ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿ. ಫಿಲ್ಟರಿನ ಕ್ಯಾಂಡಲ್, ಕಾರ್ಬನ್ ಬದಲಿಸಿ, ಅದರ ತೊಟ್ಟಿಯನ್ನೂ ತೊಳೆಸಿ.

ಎರಡು ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿದರೆ ವಿಷಾನಿಲ ಏಳುತ್ತದೆ. ಮತ್ತೆ, ಮುಚ್ಚಿದ್ದ ಸಂಪಿಗೆ ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿಯೇ ಇಲ್ಲದೆ ಜನ ಸಾಯುತ್ತಾರೆ, ಎತ್ತಲು ಹೋದವರೂ ಸಾಯುತ್ತಾರೆ. ಯಂತ್ರದಿಂದ ತೊಳೆಯುವವರನ್ನೇ ಕರೆಸಿ.

ಸೊಸೆಯ ವಿಷಯ. ಕೊಳಚೆ ನೀರಿನಿಂದ ಹರಡುವ ಹೆಪಟೈಟಿಸ್ ಇ ಎನ್ನುವ ಕಾಮಾಲೆ ಉಳಿದವರಿಗೆ ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಗರ್ಭಿಣಿಯ ಕೊನೆಯ ಮೂರು ತಿಂಗಳಲ್ಲಿ ಬಂದರೆ ಮಾತ್ರ ಪ್ರಾಣಕ್ಕೇ ಅಪಾಯ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಎರಡರಿಂದ ಹತ್ತು ವಾರ ಬೇಕು. ಅಂದರೆ ನೀರು ಸರಿಹೋದ ಮೇಲೂ ಎರಡೂವರೆ ತಿಂಗಳು ಗಮನ ಇಡಬೇಕು. ಊಟ ಸೇರದಿರುವುದು, ಜಾಸ್ತಿ ಸುಸ್ತು, ಮೂತ್ರ ಗಾಢ ಹಳದಿ, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಹೆರಿಗೆ ಡಾಕ್ಟರ್ ಹತ್ತಿರ ಹೋಗಿ. ಕಾಮಾಲೆಗೆ ಸೊಪ್ಪಿನ ರಸ ಕೊಡುವವರ ಮನೆ ಹುಡುಕಿಕೊಂಡು ಹೋಗಬೇಡಿ. ಆಗುವುದಾದರೆ ಪೈಪ್ ಸರಿಹೋಗುವವರೆಗೆ ಅವರನ್ನು ತವರಿಗೆ ಕಳಿಸಿ ಎನ್ನುತ್ತೇನೆ.

ಮೊಮ್ಮಗನಿಗೆ ಭೇದಿ ಶುರುವಾದರೆ ಒಂದು ಪ್ಯಾಕೆಟ್ ಓಆರ್‌ಎಸ್ ಅನ್ನು, ಪ್ಯಾಕೆಟ್ ಮೇಲೆ ಹೇಳಿದಷ್ಟು ಕುದಿಸಿ ಆರಿಸಿದ ನೀರಿಗೆ ಹಾಕಿ, ಪ್ರತಿ ಭೇದಿಯಾದ ಮೇಲೆ ಅರ್ಧದಿಂದ ಒಂದು ಲೋಟ ಗುಟುಕು ಗುಟುಕಾಗಿ ಕುಡಿಸಿ. ಅಕ್ಕಚ್ಚಿನ ಹಾಗೆ ನೀರುನೀರಾಗಿ ಹೋದರೆ, ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ಮನೆಯಲ್ಲಿ ಕಾಯಬೇಡಿ.

ಪ್ರಶ್ನೆ: ನಾವು ತಾಮ್ರದ ಬಿಂದಿಗೆಯಲ್ಲಿ ನೀರಿಟ್ಟು, ಕದಡಿದ್ದರೆ ಪಟಿಕ ಆಡಿಸಿ ಕುಡಿಯುತ್ತೇವೆ. ಅಷ್ಟು ಸಾಲದೇ?

ಉತ್ತರ: ಪಟಿಕ ಕೆಸರನ್ನು ತಳಕ್ಕೆ ಕೂರಿಸುತ್ತದೆ, ರೋಗಾಣುಗಳ ವಿಷಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ತಾಮ್ರ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ನಿಜ, ಆದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಕೊಳಚೆ ಬೆರೆತ ನೀರಿಗೆ ಅದು ಸಾಲದು. ಎರಡನ್ನೂ ಬಿಡಿ ಎನ್ನುವುದಿಲ್ಲ. ಪಟಿಕದಲ್ಲಿ ತಿಳಿ ಮಾಡಿ, ಕುದಿಸಿ, ಆರಿದ ಮೇಲೆ ಶುಚಿಯಾದ ಬಿಂದಿಗೆಗೆ ತುಂಬಿಸಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಫ್ಲೋರೈಡ್ ಇದೆ ಎನ್ನುತ್ತಾರೆ. ಕುದಿಸಿದರೆ ಹೋಗುತ್ತದೆಯೇ?

ಉತ್ತರ: ಇಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ನೈಟ್ರೇಟ್ ಕೂಡ ಹಾಗೇ. ಇಲ್ಲಿ ಆರ್‌ಓ ಕೆಲಸಕ್ಕೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ‘ಎನ್ನುತ್ತಾರೆ’ ಎಂಬುದನ್ನು ನಂಬಿ ಮೆಷಿನ್ ಕೊಳ್ಳಬೇಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಲೀಟರ್ ಕೊಟ್ಟು ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾ ಪರೀಕ್ಷೆಯೂ ಬೇಕಿದ್ದರೆ ಮೊದಲೇ ಹೇಳಿ ಅವರ ಹತ್ತಿರವೇ ಬಾಟಲಿ ತೆಗೆದುಕೊಳ್ಳಿ. ಮನೆಯ ಹಳೆಯ ಜ್ಯೂಸ್ ಬಾಟಲಿಯಲ್ಲಿ ಒಯ್ದರೆ ವರದಿಯಲ್ಲಿ ಬರುವುದು ಬಾಟಲಿಯ ಕೊಳೆ.