ಪ್ರಾರ್ಥನೆಯೋ ಮಾತ್ರೆಯೋ? ಖಿನ್ನತೆ ಇರುವ ಕ್ರೈಸ್ತರು ಯಾವುದನ್ನು ನಂಬಬೇಕು?

ಚರ್ಚಿನ ಸಭೆಯವರು ಪ್ರಾರ್ಥನೆ ಸಾಕು ಅನ್ನುತ್ತಾರೆ, ಡಾಕ್ಟರ್ ಮಾತ್ರೆ ಬಿಡಬೇಡಿ ಅನ್ನುತ್ತಾರೆ, ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಎರಡರಲ್ಲಿ ಒಂದನ್ನು ಆರಿಸಿಯೂ ಬಿಟ್ಟೆ.

ನಾನು ಉಡುಪಿ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬದವಳು. ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಖಿನ್ನತೆ ಶುರುವಾದಾಗ ಅದು ಕಾಯಿಲೆ ಅಂತಲೇ ಗೊತ್ತಾಗಲಿಲ್ಲ. ನಸುಕಿಗೇ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಇಲ್ಲ. ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟು ಎದುರಿಗೇ ಇರುತ್ತಿತ್ತು, ದಾರ ಬಿಚ್ಚಲೂ ಕೈ ಏಳುತ್ತಿರಲಿಲ್ಲ. ಅಮ್ಮ ಬಲವಂತ ಮಾಡಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಶುರುವಾಯಿತು. ಕೆಲವು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ನಿದ್ದೆ ಬಂತು, ಊಟ ರುಚಿಸಿತು.

ಅದೇ ಹೊತ್ತಿಗೆ ಪರಿಚಯದವರೊಬ್ಬರು ಉಪವಾಸ ಪ್ರಾರ್ಥನೆಗೆ ಕರೆದರು. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮನಸ್ಸು ಹಗುರವಾಯಿತು. ಅದನ್ನು ಇವತ್ತಿಗೂ ಸುಳ್ಳು ಅನ್ನುವುದಿಲ್ಲ. ಆದರೆ ಹೊರಡುವಾಗ ಒಬ್ಬರು ಕೇಳಿದರು, "ಕರ್ತನು ಬಿಡುಗಡೆ ಕೊಟ್ಟಿದ್ದಾನೆ ಅಂತ ನಂಬ್ತೀಯಲ್ಲಮ್ಮಾ, ಮತ್ತೆ ಮಾತ್ರೆ ಯಾಕೆ?" ಅವತ್ತೇ ಮಾತ್ರೆ ಬಿಟ್ಟೆ. ಮುಂದಿನ ಭಾನುವಾರ ಸಭೆಯ ಮುಂದೆ ನಿಂತು, ನನಗೆ ಪೂರ್ತಿ ಗುಣವಾಗಿದೆ, ಇನ್ನು ಔಷಧಿ ಬೇಡ ಅಂತ ಸಾಕ್ಷಿ ಹೇಳಿದೆ.

ಇಲ್ಲಿ ನಡೆದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದರ ಹೊಸ್ತಿಲಲ್ಲೇ ಇದ್ದೀರಿ. ನಾನು ಹುಷಾರಾಗಿದ್ದೆ, ನಿಜ. ಮಾತ್ರೆ ಕೆಲಸ ಮಾಡುತ್ತಿತ್ತು, ಅದಕ್ಕೇ ಹುಷಾರಾಗಿದ್ದೆ. ಈ ಮಾತ್ರೆಗಳ ಪರಿಣಾಮ ಕಾಣಲು 2ರಿಂದ 6 ವಾರ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಮೊದಲೇ ಬಿಟ್ಟರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಬಿಡುವಾಗಲೂ ಡಾಕ್ಟರ್ ಹೇಳಿದ ಹಾಗೆ ಡೋಸ್ ಇಳಿಸುತ್ತಾ ಬಿಡಬೇಕು. ನಾನು ಒಂದೇ ಏಟಿಗೆ ನಿಲ್ಲಿಸಿದೆ. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೂ ತೂರಾಡುತ್ತಿದ್ದೆ. ಮಾತುಮಾತಿಗೆ ಸಿಟ್ಟು. ಮಾತ್ರೆ ಹಠಾತ್ತನೆ ಬಿಟ್ಟರೆ ಹೀಗಾಗುತ್ತದೆ ಅಂತ ಡಾಕ್ಟರನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ನಾನು ಮಾತ್ರ ಸೈತಾನ ನನ್ನನ್ನು ಪರೀಕ್ಷಿಸುತ್ತಿದ್ದಾನೆ ಅಂದುಕೊಂಡು ಇನ್ನೂ ಬಿಗಿಯಾಗಿ ಕೂತೆ. ಆ ತೊಂದರೆ ತಾನಾಗಿ ಇಳಿಯಿತು. ಕೆಲವು ತಿಂಗಳಲ್ಲಿ ಖಿನ್ನತೆ ಮೊದಲಿಗಿಂತ ಜೋರಾಗಿ ಬಂತು.

ಆಗಲಾದರೂ ಡಾಕ್ಟರ್ ಹತ್ತಿರ ಹೋಗಬಹುದಿತ್ತು ಅಲ್ವಾ? ಸಾಕ್ಷಿ ಹೇಳಿಬಿಟ್ಟಿದ್ದೆನಲ್ಲ, ಹೇಗೆ ಹೋಗಲಿ? ಮತ್ತೆ ಮಾತ್ರೆ ಶುರು ಮಾಡಿದರೆ ದೇವರ ಹೆಸರಿಗೇ ಕೆಟ್ಟದು ಅನ್ನುವ ಹೆದರಿಕೆ. ಹೇಗಿದ್ದೀರಿ ಅಂತ ಯಾರಾದರೂ ಕೇಳಿದರೆ "ದೇವರ ಕೃಪೆ" ಅಂತ ನಗುತ್ತಿದ್ದೆ. ಅಮ್ಮನಿಂದಲೂ ಮುಚ್ಚಿಟ್ಟೆ. ರಜೆ ಮೇಲೆ ರಜೆ ಹಾಕಿ ಶಾಲೆಯ ಕೆಲಸ ಹೋಯಿತು. ಮಾತ್ರೆ ಬಿಟ್ಟದ್ದಕ್ಕಿಂತ ಆ ಬಾಯಿಮುಚ್ಚಿದ ತಿಂಗಳುಗಳೇ ನನ್ನನ್ನು ಹೆಚ್ಚು ಹಾಳು ಮಾಡಿದವು. ಸಾಯಬೇಕು ಅನ್ನಿಸಿದ ಒಂದು ರಾತ್ರಿ ಅಮ್ಮನನ್ನು ಎಬ್ಬಿಸಿ ಎಲ್ಲ ಹೇಳಿದೆ. ಮರುದಿನ ಡಾಕ್ಟರ್ ಬೈಯಲಿಲ್ಲ. ಯಾವಾಗ ಬಿಟ್ಟಿರಿ, ಒಟ್ಟಿಗೇ ಬಿಟ್ಟಿರಾ ಅಂತ ಕೇಳಿ ಚೀಟಿ ಬರೆದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರಾರ್ಥನೆಯೋ ಮಾತ್ರೆಯೋ ಅಂತ ಆರಿಸಲು ಹೊರಟರೆ ಮಾತ್ರೆ ಬಿಡುವುದೇ ನಂಬಿಕೆಯ ಪರೀಕ್ಷೆ ಆಗಿಬಿಡುತ್ತದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಸೈತಾನ ಹೇಳಿದಾಗ ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದು ಅಂದರು (ಮತ್ತಾಯ 4). ನಾನು ಧುಮುಕಿದೆ. ಪ್ರವಾದಿ ಎಲೀಯ ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೂತ ಅವನ ನಂಬಿಕೆಯನ್ನು ಅಳೆಯಲಿಲ್ಲ. ರೊಟ್ಟಿ, ನೀರು ಕೊಟ್ಟ, ಅವನು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ (1 ಅರಸುಗಳು 19). 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಗುಣವಾಗದವರ ಮಾತಿಗೆ ಬೈಬಲಿನಲ್ಲೇ ಜಾಗ ಇರುವಾಗ ಸಭೆಯಲ್ಲಿ ಯಾಕಿಲ್ಲ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 20 ಜನ ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ನೂರು ಜನರ ಆರಾಧನೆಯಲ್ಲಿ ಇಂಥ ಐದು ಜನ ಸುಮ್ನೆ ನಗುತ್ತಾ ಕೂತಿರಬಹುದು.

ನಮ್ಮ ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಶುರು ಮಾಡಿದ್ದು ಬಾಸೆಲ್ ಮಿಷನ್ನಿನ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್. ಹೆರಿಗೆಗೆ, ಆಪರೇಷನ್‌ಗೆ ಆಸ್ಪತ್ರೆಗೆ ಹೋದರೆ ಯಾರೂ ನಂಬಿಕೆ ಕಮ್ಮಿ ಅನ್ನುವುದಿಲ್ಲ. ಕಾಯಿಲೆ ತಲೆಯಲ್ಲಿದ್ದರೆ ಮಾತ್ರ ಅನ್ನುತ್ತಾರೆ.

ವಿಜ್ಞಾನ ಓದಿದರೆ ನಂಬಿಕೆ ಹೋಗುತ್ತದಾ ಅಂತಲೂ ಕೇಳಿದ್ದೀರಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಜಾರ್ಜ್ ಲೆಮೈಟರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ಆದರೂ ವಿಶ್ವಕ್ಕೊಂದು ಆರಂಭ ಇತ್ತು ಅನ್ನುವ ತನ್ನ ಸಿದ್ಧಾಂತವನ್ನು ದೇವರ ಸೃಷ್ಟಿಯ ಪುರಾವೆ ಅಂತ ಬಳಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅದು ನನಗೆ ತುಂಬಾ ಸಹಾಯ ಮಾಡಿತು. ಮಾತ್ರೆ ಕೆಲಸ ಮಾಡಿದರೆ ದೇವರು ಇಲ್ಲ ಅಂತ ಆಗುವುದಿಲ್ಲ. ಪ್ರಾರ್ಥನೆಯಿಂದ ಸಮಾಧಾನ ಸಿಕ್ಕಿದರೆ ಮಾತ್ರೆ ಬೇಡ ಅಂತಲೂ ಅಲ್ಲ. ತೆರೆದ ಮನಸ್ಸು ಔಷಧಿಯ ಕಡೆಗೂ ಇರಲಿ. ಖಿನ್ನತೆ ಅಂದರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಮ್ಮಿಯಾಗಿದೆ ಅಷ್ಟೇ ಅನ್ನುವ ಹಳೆಯ ವಿವರಣೆಯನ್ನು ಈಗ ವಿಜ್ಞಾನಿಗಳೇ ಪೂರ್ತಿ ಒಪ್ಪುವುದಿಲ್ಲ. ಮೊದಲ ಮಾತ್ರೆ ಎಲ್ಲರಿಗೂ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಡಾಕ್ಟರ್‌ಗೆ ಹೇಳಿ ಬದಲಾಯಿಸಿಕೊಳ್ಳಿ, ಮಾತಿನ ಚಿಕಿತ್ಸೆಯನ್ನೂ ಕೇಳಿ. ಚರ್ಚಿಗೆ ಹೋಗುತ್ತೇನೆ, ಪ್ರಾರ್ಥನೆ ನನಗೆ ಮುಖ್ಯ ಅಂತಲೂ ಹೇಳಿ. ನಿಮ್ಮ ಸಭಾಪಾಲಕರು ಮಾತ್ರೆ ಬಿಡಿ ಅಂದರೆ, ನನಗಾಗಿ ಪ್ರಾರ್ಥಿಸಿ, ಡೋಸ್ ವಿಷಯ ಡಾಕ್ಟರಿಗೆ ಬಿಡಿ ಅನ್ನಿ. ಸಾಕ್ಷಿ ಹೇಳಲೇಬೇಕು ಅನ್ನಿಸಿದರೆ, ಚಿಕಿತ್ಸೆ ನಡೆಯುತ್ತಿದೆ, ದೇವರು ಜೊತೆಗಿದ್ದಾರೆ ಅಂತ ಹೇಳಿ. ನಾನು ಈಗ ಹಾಗೇ ಹೇಳುವುದು.

ಸಾಯುವ ಯೋಚನೆ ಬರುತ್ತಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. ಮನೆಯಲ್ಲಿ ಒಬ್ಬರಿಗೆ ಈಗಲೇ ಹೇಳಿ, ಮಲಗಿದ್ದರೆ ಎಬ್ಬಿಸಿ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.