ಅಮರಿಲಿಸ್ ಗಡ್ಡೆ ಅಡ್ಡ ಕೊಯ್ಯಬೇಡಿ ಅಕ್ಕಾ

ಅಕ್ಕಾ, ಮರಿ ಮಾಡಲು ಅಮರಿಲಿಸ್ ಗಡ್ಡೆ ಕೊಯ್ದೆ ಅಂತ ನೀವು ಹಾಕಿದ ಫೋಟೋ ನೋಡಿ ಹೊಟ್ಟೆ ಚುರ್ ಅಂತು. ಅಂಥ ದಪ್ಪ ಗಡ್ಡೆಯನ್ನು ಉಳ್ಳಾಗಡ್ಡಿ ಹೆಚ್ಚಿದ ಹಾಗೆ ಅಡ್ಡ ಕೊಯ್ದು ಎರೆ ಮಣ್ಣಿಗೆ ಹಾಕಿದ್ದೀರಿ, ಅದೂ ಈ ಮೇ ಬಿಸಿಲಲ್ಲಿ. ಮೇಲಿನ ಬಿಲ್ಲೆಗಳ ಆಸೆ ಬಿಡಿ. ಬೇರು ಹೊರಡುವ ಬುಡ ಅಂಟಿರದ ತುಂಡು ಮರಿ, ಅಂದರೆ ಹೊಸ ಪುಟ್ಟ ಗಡ್ಡೆ, ಹಾಕುವುದಿಲ್ಲ. ಕೆಳಗಿನ ಅರ್ಧವನ್ನು ಮಾತ್ರ ಇವತ್ತೇ ತೆಗೆದು, ಕೊಯ್ದ ಜಾಗಕ್ಕೆ ಸಾಫ್ ಎಂಬ ಶಿಲೀಂಧ್ರನಾಶಕ ಪುಡಿ ಹಚ್ಚಿ, ಎರಡು ದಿನ ನೆರಳಲ್ಲಿ ಒಣಗಿಸಿ ಮರಳಲ್ಲಿ ಇಡಿ. ಅದರಿಂದ ಮರಿ ಬರಬಹುದು.

ನಾನೂ ಇದೇ ಮಾಡಿದ್ದೆ. ಅವ್ವ ಊರಿಂದ ಕೊಟ್ಟು ಕಳಿಸಿದ ಐದು ಗಡ್ಡೆ. ಕಲಬುರಗಿಯ ಏಪ್ರಿಲ್, ಎರೆ ಮಣ್ಣು, ದಿನಾ ನೀರು. ಹತ್ತನೇ ದಿನಕ್ಕೆ ಕುಂಡದಿಂದ ವಾಸನೆ ಬಂತು. ಕೈ ಹಾಕಿದರೆ ಬರೀ ಲೋಳೆ. ಆ ಕೇಸರಿಗೆಂಪು ಬಣ್ಣ ಮತ್ತೆ ಎಲ್ಲೂ ಸಿಗಲಿಲ್ಲ.

ಈಗ ನಾನು ಡಿಸೆಂಬರ್‌ವರೆಗೆ ಚಾಕು ಮುಟ್ಟುವುದಿಲ್ಲ. ಮುಷ್ಟಿ ಗಾತ್ರದ ಗಡ್ಡೆಯನ್ನೇ ಆರಿಸುತ್ತೇನೆ. ಎಲೆ, ಬೇರು ಕತ್ತರಿಸಿ, ಮೇಲಿಂದ ಬುಡದವರೆಗೆ ಉದ್ದಕ್ಕೆ ಎಂಟು ಹೋಳು. ಪ್ರತಿ ಹೋಳಿಗೂ ಬುಡದ ಚೂರು ಇರಲೇಬೇಕು. ಒಂದು ಗಡ್ಡೆ ಮುಗಿದ ಮೇಲೆ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಮೊಸಾಯಿಕ್ ವೈರಸ್ ಗಡ್ಡೆಯಿಂದ ಗಡ್ಡೆಗೆ ದಾಟುತ್ತದೆ. ಎಲೆಯಲ್ಲಿ ಹಳದಿ ಗೀರು ಇದ್ದ ಗಿಡವನ್ನಂತೂ ಕೊಯ್ಯಲೇಬೇಡಿ.

ಲೀಟರ್ ನೀರಿಗೆ 2 ಗ್ರಾಂ ಸಾಫ್, ಅರ್ಧ ಗಂಟೆ ಅದ್ದಿಡಿ. ಕೈಗವಸು ಹಾಕಿಕೊಳ್ಳಿ. ಸಾಫ್ ಬದಲು ಅರಿಶಿನ ಸಾಕು ಅಂತ ನಿಮ್ಮ ಫೋಟೋ ಕೆಳಗೆ ಒಬ್ಬರು ಬರೆದಿದ್ದಾರೆ, ನನಗೆ ಸಾಕಾಗಲಿಲ್ಲ. ಬರೀ ಬಾವಿಸ್ಟಿನ್‌ಗಿಂತಲೂ ಸಾಫ್ ಮೇಲೇ ನನಗೆ ನಂಬಿಕೆ. ಬಾವಿಸ್ಟಿನ್‌ನಲ್ಲಿ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಒಂದೇ, ಸಾಫ್‌ನಲ್ಲಿ ಅದರ ಜೊತೆ ಮ್ಯಾಂಕೋಜೆಬ್ ಎಂಬ ಇನ್ನೊಂದೂ ಇದೆ.

ಎಲ್ಲಾ ಇರುವುದು ಕೋಕೋಪೀಟ್‌ನ, ಅಂದರೆ ತೆಂಗಿನ ನಾರಿನ ಪುಡಿಯ, ಹಸಿಯಲ್ಲಿ. ಇಟ್ಟಿಗೆ ಕೋಕೋಪೀಟ್ ಆದರೆ ಎರಡು ಮೂರು ಸಲ ತೊಳೆಯಿರಿ, ಉಪ್ಪು ಇರುತ್ತದೆ. ಮುಷ್ಟಿಯಲ್ಲಿ ಗಟ್ಟಿ ಹಿಂಡಿದರೂ ಹನಿ ಬೀಳಬಾರದು. ಹನಿ ಬಿದ್ದರೆ ಹರಡಿ ಆರಿಸಿ, ಅವಸರ ಬೇಡ. ಅದರಲ್ಲಿ ಹೋಳುಗಳನ್ನು ಸೇರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ನಾನು ಮಂಚದ ಕೆಳಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡುತ್ತೇನೆ. ತಂಪು, ಕತ್ತಲೆ. ವಾರಕ್ಕೊಮ್ಮೆ ಬಿಚ್ಚಿ ಬೂಸ್ಟು ಹತ್ತಿದ್ದನ್ನು ಎಸೆಯಿರಿ. ನೀರು ಮಾತ್ರ ಹಾಕಬೇಡಿ.

ಎಂಟು ಹತ್ತು ವಾರಕ್ಕೆ ಪದರಗಳ ನಡುವೆ, ಬುಡದ ಹತ್ತಿರ, ತೊಗರಿ ಕಾಳಿನಷ್ಟು ಬಿಳಿ ಮರಿ ಕಾಣುತ್ತವೆ. ಖುಷಿಗೆ ಕಿತ್ತು ನೋಡಬೇಡಿ! ಹಳೆ ಪದರದ ಸಮೇತ ಮರಳು ಬೆರೆಸಿದ ಹಗುರ ಮಣ್ಣಿಗೆ ಹಾಕಿ. ಹೂವಿಗೆ ಮೂರು ವರ್ಷ ಹಿಡಿಯಬಹುದು. ತಾಳ್ಮೆ ಇಲ್ಲದಿದ್ದರೆ ತಾಯಿ ಗಡ್ಡೆ ತಾನೇ ಹಾಕುವ ಮರಿ ಬಿಡಿಸಿಕೊಳ್ಳಿ, ಅದೇ ಸುಲಭ.

ಕೊಯ್ದು ಉಳಿದ ಚೂರುಗಳನ್ನು ಆಡು, ನಾಯಿ ಮುಟ್ಟದ ಹಾಗೆ ಹೂತುಬಿಡಿ, ಗಡ್ಡೆ ವಿಷ. ಫುಟ್‌ಬಾಲ್ ಲಿಲ್ಲಿಗೂ ಹೀಗೇ ಮಾಡಬಹುದು. ರೇನ್ ಲಿಲ್ಲಿಗೆ ಸುಮ್ನೆ ಚಾಕು ಯಾಕೆ, ಅದು ತಾನಾಗಿಯೇ ಗುಂಪು ಕಟ್ಟುತ್ತದೆ. ಡೇಲಿಯಾ ಬೇರೆ ಲೆಕ್ಕ. ಹಳೆ ಕಾಂಡದ ಬುಡದ ಕಣ್ಣು ಅಂಟಿರದ ಗಡ್ಡೆ ವರ್ಷವಿಡೀ ಇಟ್ಟರೂ ಚಿಗುರುವುದಿಲ್ಲ.